ಕಹಿ ಬೀಜದ ಸಿಹಿ ಭರವಸೆ



1980ರ ಅಕ್ಟೋಬರ್ ತಿಂಗಳು. ಮೆಕ್ಸಿಕೊ ದೇಶದ ದೂರದರ್ಶನದಲ್ಲಿ ಒಂದು ದಣಿದ ಧ್ವನಿ ಕೇಳಿಬಂತು. ಅದು ‘ದಿ ಗ್ರೇಟ್ ಎಸ್ಕೇಪ್’, ‘ಬುಲಿಟ್’ ಚಿತ್ರಗಳ ಮೂಲಕ ಜಗತ್ತಿನ ಮನೆಮಾತಾಗಿದ್ದ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಅವರದು. ತಮ್ಮ ಜೀವ ಉಳಿಸಲು ನೆರವಾಗುತ್ತಿರುವುದಕ್ಕೆ ಅವರು ಆ ದೇಶಕ್ಕೆ ಕೃತಜ್ಞತೆ ಹೇಳಿದರು. ಅಮೆರಿಕದ ಆಸ್ಪತ್ರೆಗಳು ಕೈಚೆಲ್ಲಿದ ರೋಗ ಮೆಕ್ಸಿಕೊದ ಕಡಲತಡಿಯ ಚಿಕಿತ್ಸಾಲಯವೊಂದರಲ್ಲಿ ವಾಸಿಯಾಗುತ್ತಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತು. ಅಂಥದೇ ರೋಗದಿಂದ ನರಳುತ್ತಿದ್ದ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಹೊಸ ಆಸೆಯೊಂದು ಹುಟ್ಟಿರಬೇಕು.

ನವೆಂಬರ್ 7ರಂದು ಮೆಕ್ವೀನ್ ತೀರಿಕೊಂಡರು. ಆಗ ಅವರಿಗೆ 50 ವರ್ಷ.

ಅವರಿಗಿದ್ದುದು ಮೆಸೊಥೀಲಿಯೋಮ, ಅಂದರೆ ಶ್ವಾಸಕೋಶದ ಹೊರಪೊರೆಗೆ ತಗಲುವ ಕ್ಯಾನ್ಸರ್. ಕಲ್ನಾರಿನ ದೂಳು ಇದಕ್ಕೆ ಮುಖ್ಯ ಕಾರಣ. 1979ರ ಡಿಸೆಂಬರಿನಲ್ಲಿ ರೋಗ ಪತ್ತೆಯಾದಾಗ ವೈದ್ಯರು ಇದಕ್ಕೆ ಗುಣವಾಗುವ ಚಿಕಿತ್ಸೆ ಇಲ್ಲವೆಂದು ನಿಜವನ್ನೇ ಹೇಳಿದ್ದರು. ಮರುವರ್ಷ ಮೆಕ್ವೀನ್ ಗಡಿ ದಾಟಿ, ದಂತವೈದ್ಯರಾಗಿದ್ದ ವಿಲಿಯಂ ಡೊನಾಲ್ಡ್ ಕೆಲಿ ಎಂಬವರ ಪದ್ಧತಿಯ ಚಿಕಿತ್ಸೆಗೆ ಒಪ್ಪಿಕೊಂಡರು. ಕಾಫಿ ಕಷಾಯದ ಎನಿಮಾ, ರಾಶಿ ರಾಶಿ ವಿಟಮಿನ್ ಮಾತ್ರೆಗಳು, ಪಥ್ಯ, ಇವುಗಳ ಜೊತೆಗೆ ‘ಲೇಯಟ್ರಿಲ್’ ಎಂಬ ಮದ್ದು. ಹೆಸರಾಂತ ನಟ ಸತ್ತರು ನಿಜ. ಆದರೆ ಅವರಿಗೆ ಬೇರೆ ದಾರಿಯೂ ಇರಲಿಲ್ಲವಲ್ಲ, ಪ್ರಯತ್ನಪಟ್ಟರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಲೇಯಟ್ರಿಲ್‌ನ ಕಥೆಯನ್ನು ಮೊದಲಿನಿಂದ ತಿಳಿಯಬೇಕು. ಕ್ಯಾನ್ಸರ್ ಮದ್ದಿನ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ನಡೆದ ಅತಿ ದೊಡ್ಡ ಭ್ರಮೆಗಳಲ್ಲಿ ಅದೂ ಒಂದು.

ಬೀಜದೊಳಗಿನ ವಿಷ

ಕಹಿ ಬಾದಾಮಿಯ ಬೀಜದಲ್ಲಿ, ಜರ್ದಾಳು ಅಥವಾ ಏಪ್ರಿಕಾಟ್ ಹಣ್ಣಿನ ಓಟೆಯೊಳಗಿನ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ಫ್ರಾನ್ಸಿನ ರಸಾಯನ ತಜ್ಞರು ಇದನ್ನು 1830ರಲ್ಲಿಯೇ ಬೇರ್ಪಡಿಸಿದ್ದರು. ದೇಹದೊಳಗೆ ಇದು ಒಡೆದಾಗ ಮೂರು ವಸ್ತುಗಳು ಹೊರಬರುತ್ತವೆ: ಸಕ್ಕರೆ, ಬಾದಾಮಿಯ ಪರಿಮಳ ಕೊಡುವ ಬೆಂಜಾಲ್ಡಿಹೈಡ್, ಮತ್ತು ಸೈನೈಡ್. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಈ ಹೆಸರು ಹೊಸದಲ್ಲ. ಮರಗೆಣಸನ್ನು ಹಸಿಯಾಗಿ ತಿನ್ನಬಾರದು, ಚೆನ್ನಾಗಿ ಬೇಯಿಸಬೇಕು ಎಂದು ಹಿರಿಯರು ಹೇಳುವುದೂ ಇದೇ ಕಾರಣಕ್ಕೆ. ಅದರಲ್ಲಿಯೂ ಇದೇ ಬಗೆಯಲ್ಲಿ ಸೈನೈಡ್ ಬಿಡುವ ವಸ್ತುವಿದೆ.

ಇಂಥ ವಸ್ತು ಕ್ಯಾನ್ಸರಿಗೆ ಮದ್ದಾದೀತೆಂಬ ಯೋಚನೆ ಹಳೆಯದು. ಹತ್ತೊಂಬತ್ತನೆಯ ಶತಮಾನದ ರಷ್ಯದಲ್ಲಿ ಒಮ್ಮೆ, 1920ರ ದಶಕದ ಅಮೆರಿಕದಲ್ಲಿ ಮತ್ತೊಮ್ಮೆ ಇದನ್ನು ಬಳಸಿ ನೋಡಿದ್ದುಂಟು. ವಿಷವೇ ಹೆಚ್ಚೆಂದು ಕೈಬಿಟ್ಟದ್ದೂ ಉಂಟು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಅರ್ನ್‌ಸ್ಟ್ ಕ್ರೆಬ್ಸ್ ಎಂಬ ತಂದೆ ಮತ್ತು ಅದೇ ಹೆಸರಿನ ಮಗ ಇದಕ್ಕೆ ಮತ್ತೆ ಜೀವ ಕೊಟ್ಟರು. ಲೇಯಟ್ರಿಲ್ ಎಂಬ ಹೆಸರು ಅವರದೇ. ಪಠ್ಯಪುಸ್ತಕಗಳಲ್ಲಿ ಬರುವ ‘ಕ್ರೆಬ್ಸ್ ಚಕ್ರ’ದ ನೊಬೆಲ್ ಪುರಸ್ಕೃತ ಹಾನ್ಸ್ ಕ್ರೆಬ್ಸ್ ಅವರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಮಗ ಕ್ರೆಬ್ಸ್ ‘ಡಾಕ್ಟರ್’ ಎಂದು ಕರೆಸಿಕೊಳ್ಳುತ್ತಿದ್ದರೂ ವೈದ್ಯ ಪದವಿ ಪಡೆದವರಲ್ಲ.

ಅವರ ವಾದ ಕೇಳಲು ಸೊಗಸಾಗಿತ್ತು. ಸೈನೈಡ್ ವಿಷವೇ ಹೌದು, ಆದರೆ ಅದು ಕ್ಯಾನ್ಸರ್ ಕೋಶದೊಳಗೆ ಮಾತ್ರ ಬಿಡುಗಡೆಯಾಗುತ್ತದೆ, ಆರೋಗ್ಯವಂತ ಕೋಶಕ್ಕೆ ತೊಂದರೆಯಿಲ್ಲ ಎಂಬುದು ಅವರ ಹೇಳಿಕೆ. ಪರೀಕ್ಷೆಯಲ್ಲಿ ಇದು ನಿಲ್ಲಲಿಲ್ಲ. ಔಷಧವೆಂದು ಮಾರಲು ಸರ್ಕಾರದ ಅನುಮತಿ ಸಿಗದಿದ್ದಾಗ ಕ್ರೆಬ್ಸ್ ಹೊಸ ದಾರಿ ಹಿಡಿದರು. ಲೇಯಟ್ರಿಲ್ ಔಷಧವೇ ಅಲ್ಲ, ಅದೊಂದು ವಿಟಮಿನ್, ಅದರ ಹೆಸರು ‘ಬಿ 17’, ಅದರ ಕೊರತೆಯೇ ಕ್ಯಾನ್ಸರಿಗೆ ಕಾರಣ ಎಂದು ಸಾರಿದರು. ಒಂದು ವಸ್ತುವನ್ನು ವಿಟಮಿನ್ ಎನ್ನಬೇಕಾದರೆ ಅದು ದೇಹಕ್ಕೆ ಅವಶ್ಯವಾಗಿರಬೇಕು, ಅದು ಸಿಗದಿದ್ದರೆ ನಿರ್ದಿಷ್ಟ ಕಾಯಿಲೆ ಬರಬೇಕು. ವಿಟಮಿನ್ ಸಿ ಸಿಗದಿದ್ದರೆ ಒಸಡಿನಲ್ಲಿ ರಕ್ತ ಸೋರುತ್ತದೆ. ಅಮಿಗ್ಡಲಿನ್ ತಿನ್ನದೆ ಯಾರಿಗೂ ಯಾವ ಕಾಯಿಲೆಯೂ ಬಂದಿಲ್ಲ. ಆದರೂ ‘ವಿಟಮಿನ್’ ಎಂಬ ಪದಕ್ಕೆ ಒಂದು ಮಾಯೆಯಿದೆ. ಔಷಧವೆಂದರೆ ಹೆದರುವವರೂ ವಿಟಮಿನ್ ಎಂದರೆ ಕೈನೀಡುತ್ತಾರೆ.

ಹಿಮಾಲಯದಾಚೆಯ ಹುಂಜಾ ಕಣಿವೆಯ ಜನರನ್ನೂ ಸಾಕ್ಷಿಗೆ ಕರೆಯಲಾಯಿತು. ಅವರು ಜರ್ದಾಳು ಬೀಜ ತಿನ್ನುತ್ತಾರೆ, ಅವರಲ್ಲಿ ಕ್ಯಾನ್ಸರೇ ಇಲ್ಲ ಎಂಬ ಪ್ರಚಾರ ನಡೆಯಿತು. ಜನನ ಮರಣಗಳ ದಾಖಲೆಯಿಲ್ಲದ, ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಲ್ಲದ ಕಣಿವೆಯಲ್ಲಿ ಕ್ಯಾನ್ಸರ್ ಇಲ್ಲವೆಂದರೆ, ಅದನ್ನು ಪತ್ತೆಮಾಡಿದವರಿಲ್ಲ ಎಂದಷ್ಟೇ ಅರ್ಥ.

ಮದ್ದು ಚಳವಳಿಯಾದದ್ದು

1970ರ ದಶಕದ ಅಮೆರಿಕವನ್ನು ನೆನಪಿಸಿಕೊಳ್ಳಿ. ವಿಯೆಟ್ನಾಂ ಯುದ್ಧ ಮತ್ತು ವಾಟರ್‌ಗೇಟ್ ಹಗರಣದಿಂದ ಜನರಿಗೆ ಸರ್ಕಾರದ ಮಾತಿನ ಮೇಲೆ ನಂಬಿಕೆ ಹೋಗಿತ್ತು. ಆಗಿನ ಕಿಮೊಥೆರಪಿಯೂ ಇಂದಿಗಿಂತ ಒರಟಾಗಿತ್ತು. ವಾಂತಿ ತಡೆಯುವ ಒಳ್ಳೆಯ ಔಷಧಗಳು ಆಗ ಬಂದಿರಲಿಲ್ಲ. ಇಂಥ ಹೊತ್ತಿನಲ್ಲಿ ಲೇಯಟ್ರಿಲ್ ಪರ ನಿಂತವರು ಒಂದು ಬಲವಾದ ಘೋಷಣೆ ಕಂಡುಕೊಂಡರು. ‘ಗುಣವಾಗುತ್ತದೆಯೋ ಇಲ್ಲವೋ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ನನ್ನ ಚಿಕಿತ್ಸೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನನಗಿಲ್ಲವೇ’ ಎಂದು ಕೇಳತೊಡಗಿದರು. ಔಷಧ ಕಂಪನಿಗಳು, ವೈದ್ಯರು, ಸರ್ಕಾರ ಎಲ್ಲರೂ ಸೇರಿ ಅಗ್ಗದ ಮದ್ದನ್ನು ಮುಚ್ಚಿಡುತ್ತಿದ್ದಾರೆ ಎಂಬ ಮಾತು ಹಬ್ಬಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಒಂದಲ್ಲ ಒಂದು ರೀತಿಯಲ್ಲಿ ಇದರ ಬಳಕೆಗೆ ಕಾನೂನಿನ ಅವಕಾಶ ಕೊಟ್ಟವು. 1978ರ ಹೊತ್ತಿಗೆ ಅಮೆರಿಕದಲ್ಲಿ 70,000ಕ್ಕೂ ಹೆಚ್ಚು ಜನ ಈ ಮದ್ದು ಪಡೆದಿದ್ದರೆಂಬ ವರದಿಯಿದೆ.

ಮುಚ್ಚಿಡುತ್ತಿದ್ದಾರೆ ಎಂಬ ವಾದವನ್ನು ಒಂದು ಕ್ಷಣ ತೂಗಿ ನೋಡೋಣ. ವೈದ್ಯರಿಗೂ ಕ್ಯಾನ್ಸರ್ ಬರುತ್ತದೆ. ಔಷಧ ಕಂಪನಿಗಳ ಮಾಲೀಕರಿಗೂ, ಮಂತ್ರಿಗಳಿಗೂ, ಅವರ ಹೆಂಡತಿ ಮಕ್ಕಳಿಗೂ ಬರುತ್ತದೆ. ಬೀರುವಿನಲ್ಲಿ ಮದ್ದಿಟ್ಟುಕೊಂಡು ತಮ್ಮ ಮಕ್ಕಳನ್ನೇ ಸಾಯಲು ಬಿಡುವವರು ಒಬ್ಬರೋ ಇಬ್ಬರೋ ಇದ್ದಾರು. ದೇಶದೇಶಗಳ ಲಕ್ಷಾಂತರ ವೈದ್ಯರು ಹಾಗಿರುತ್ತಾರೆ ಎಂಬುದನ್ನು ನಂಬುವುದು ಕಷ್ಟ.

ಒಂದು ಮಗುವಿನ ಕಥೆ

ಮೆಕ್ವೀನ್ ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ದಾರಿ ಇದ್ದವರೂ ಇದೇ ಮದ್ದಿನ ಹಿಂದೆ ಹೋದರು.

1977ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ತಿಂಗಳ ಗಂಡುಮಗುವಿಗೆ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮಕ್ಕಳಲ್ಲಿ ಕಾಣುವ ಈ ಬಗೆಯ ರಕ್ತ ಕ್ಯಾನ್ಸರಿಗೆ ಅಷ್ಟರಲ್ಲಾಗಲೇ ಒಳ್ಳೆಯ ಚಿಕಿತ್ಸೆ ಬಂದಿತ್ತು. ಕಿಮೊಥೆರಪಿ ಆರಂಭಿಸಿ ಕೆಲವೇ ವಾರಗಳಲ್ಲಿ ಮಗುವಿನ ರಕ್ತದಲ್ಲಿ ರೋಗದ ಕುರುಹು ಇಲ್ಲವಾಯಿತು. ಆದರೆ ಈ ಚಿಕಿತ್ಸೆಯ ಗುಟ್ಟಿರುವುದು ಮುಂದುವರಿಕೆಯಲ್ಲಿ. ಕಣ್ಣಿಗೆ ಕಾಣದಂತೆ ಅಡಗಿರುವ ರೋಗಕೋಶಗಳನ್ನು ಕೊಲ್ಲಲು ಎರಡು ಮೂರು ವರ್ಷ ಮಾತ್ರೆ ಕೊಡುತ್ತಲೇ ಇರಬೇಕು. ಆಡಿಕೊಂಡಿರುವ ಮಗುವಿಗೆ ದಿನವೂ ಕಹಿ ಮಾತ್ರೆ ಕೊಟ್ಟು ಅದು ಸಂಕಟಪಡುವುದನ್ನು ನೋಡುವುದು ಹೆತ್ತವರಿಗೆ ಸುಲಭವಲ್ಲ. ತಂದೆತಾಯಿ ಮಾತ್ರೆ ನಿಲ್ಲಿಸಿದರು. ರೋಗ ಮರುಕಳಿಸಿತು. ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಲಯ ಚಿಕಿತ್ಸೆ ಮುಂದುವರಿಸುವಂತೆ 1978ರಲ್ಲಿ ಆಜ್ಞೆ ಮಾಡಿತು. ಮಗು ಮತ್ತೆ ಚೇತರಿಸಿಕೊಂಡಿತು. ಈ ನಡುವೆ ಹೆತ್ತವರು ಲೇಯಟ್ರಿಲ್ ಕೊಡತೊಡಗಿದ್ದರು. ಮಗುವಿನ ರಕ್ತಪರೀಕ್ಷೆಯಲ್ಲಿ ಸೈನೈಡ್ ಅಂಶ ಕಂಡಿತು. ಅದನ್ನು ನಿಲ್ಲಿಸಬೇಕೆಂದು ನ್ಯಾಯಾಲಯ ಹೇಳಿದಾಗ, 1979ರ ಜನವರಿಯಲ್ಲಿ ಅವರು ಮಗುವನ್ನೆತ್ತಿಕೊಂಡು ಮೆಕ್ಸಿಕೊಗೆ ಹೊರಟುಹೋದರು. ಅದೇ ಅಕ್ಟೋಬರಿನಲ್ಲಿ ಮಗು ಅಲ್ಲಿಯೇ ತೀರಿಕೊಂಡಿತು. ಮೂರು ವರ್ಷದ ಮಗು.

ಆ ತಂದೆತಾಯಿ ಮಗುವನ್ನು ಪ್ರೀತಿಸಲಿಲ್ಲ ಎಂದು ಯಾರೂ ಹೇಳಲಾರರು. ಊರು ಬಿಟ್ಟು, ಕಾನೂನು ಮೀರಿ ಓಡಿದ್ದೂ ಪ್ರೀತಿಯಿಂದಲೇ. ಇಂಥ ಹೇಳಿಕೆಗಳು ಹಿಡಿಯುವುದು ಆ ಪ್ರೀತಿಯನ್ನೇ. ಹಣದಾಸೆಯವರನ್ನೋ ದಡ್ಡರನ್ನೋ ಮಾತ್ರ ಅವು ಮರುಳುಮಾಡುತ್ತವೆ ಎಂದುಕೊಂಡರೆ ತಪ್ಪಾದೀತು.

ಪರೀಕ್ಷೆಗೆ ನಿಂತಾಗ

ವೈದ್ಯಲೋಕ ಲೇಯಟ್ರಿಲ್ ಅನ್ನು ನೋಡದೆಯೇ ತಳ್ಳಿಹಾಕಿತು ಎಂಬ ಆಪಾದನೆಯಿದೆ. ದಾಖಲೆ ಹೇಳುವುದು ಬೇರೆ.

1970ರ ದಶಕದಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಕನೆಮಾತ್ಸು ಸುಗಿಯುರಾ ಎಂಬ ಹಿರಿಯ ವಿಜ್ಞಾನಿ ಇಲಿಗಳ ಮೇಲೆ ಇದನ್ನು ಪ್ರಯೋಗಿಸಿದರು. ಗಡ್ಡೆ ಕರಗದಿದ್ದರೂ ಶ್ವಾಸಕೋಶಕ್ಕೆ ಹರಡುವುದು ಕಡಿಮೆಯಾದಂತೆ ಅವರಿಗೆ ಕಂಡಿತು. ಪ್ರಾಮಾಣಿಕರೆಂದು ಹೆಸರಾದವರು. ಆದರೆ ಮದ್ದು ಪಡೆದ ಇಲಿ ಯಾವುದು, ಪಡೆಯದ ಇಲಿ ಯಾವುದು ಎಂಬುದನ್ನು ನೋಡುವವರಿಂದ ಮರೆಮಾಡಿ ಪ್ರಯೋಗ ನಡೆಸಿದಾಗ ಆ ಪರಿಣಾಮ ಕಾಣಲಿಲ್ಲ. ಪ್ರಾಮಾಣಿಕ ಕಣ್ಣೂ ತಾನು ಕಾಣಬಯಸಿದ್ದನ್ನು ಕಾಣಬಲ್ಲದು. ಮರೆಮಾಡಿ ಪರೀಕ್ಷಿಸುವ ಪದ್ಧತಿ ಇರುವುದು ಅದಕ್ಕಾಗಿಯೇ.

1978ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇನ್ನೊಂದು ಹೆಜ್ಜೆ ಇಟ್ಟಿತು. ಸುಮಾರು 3,85,000 ವೈದ್ಯರಿಗೆ ಪತ್ರ ಬರೆದು, ಲೇಯಟ್ರಿಲ್‌ನಿಂದ ಗುಣ ಕಂಡ ರೋಗಿಗಳಿದ್ದರೆ ಅವರ ದಾಖಲೆ ಕಳುಹಿಸಿ ಎಂದು ಕೇಳಿತು. ಮದ್ದಿನ ಪರ ಇದ್ದ ಗುಂಪುಗಳನ್ನೂ ಕೇಳಿತು. ಹತ್ತಾರು ಸಾವಿರ ಜನ ಬಳಸಿದ್ದ ಮದ್ದಿಗೆ ಬಂದ ಪ್ರಕರಣಗಳು 93. ಅವುಗಳಲ್ಲಿ ಪರಿಶೀಲಿಸುವಷ್ಟು ಮಾಹಿತಿ ಇದ್ದವು 67. ಗಡ್ಡೆ ಪೂರ್ತಿ ಮಾಯವಾದದ್ದು ಇಬ್ಬರಲ್ಲಿ, ಭಾಗಶಃ ಕುಗ್ಗಿದ್ದು ನಾಲ್ವರಲ್ಲಿ. ಇಷ್ಟು ಕಡಿಮೆ ಸಂಖ್ಯೆಯಿಂದ ಏನನ್ನೂ ಹೇಳಲಾಗದಿದ್ದರೂ ಸಂಸ್ಥೆ ಕೈಕಟ್ಟಿ ಕೂರಲಿಲ್ಲ. ರೋಗಿಗಳ ಮೇಲೆಯೇ ನೇರ ಪರೀಕ್ಷೆಗೆ ಹಣ ಕೊಟ್ಟಿತು.

ಆ ಪರೀಕ್ಷೆ ಮೇಯೊ ಕ್ಲಿನಿಕ್ಕಿನ ಚಾರ್ಲ್ಸ್ ಮೊರ್ಟೆಲ್ ಅವರ ನೇತೃತ್ವದಲ್ಲಿ ನಡೆಯಿತು. ಬೇರೆ ಪರಿಣಾಮಕಾರಿ ಚಿಕಿತ್ಸೆ ಉಳಿದಿಲ್ಲದ, ಆದರೆ ಹಾಸಿಗೆ ಹಿಡಿಯದ 178 ರೋಗಿಗಳಿಗೆ ಅಮಿಗ್ಡಲಿನ್ ಕೊಡಲಾಯಿತು. ಪ್ರಚಾರಕರು ಹೇಳುತ್ತಿದ್ದ ಪಥ್ಯ, ಕಿಣ್ವ, ವಿಟಮಿನ್ ಎಲ್ಲವನ್ನೂ ಜೊತೆಗೇ ಕೊಡಲಾಯಿತು. ಫಲಿತಾಂಶ 1982ರ ಜನವರಿಯಲ್ಲಿ ಪ್ರಕಟವಾಯಿತು. ಯಾರಿಗೂ ಗುಣವಾಗಲಿಲ್ಲ. ರೋಗ ನಿಲ್ಲಲಿಲ್ಲ, ಆಯುಸ್ಸು ಹೆಚ್ಚಲಿಲ್ಲ, ನೋವೂ ತಗ್ಗಲಿಲ್ಲ. ಒಬ್ಬರ ಗಡ್ಡೆ ಸ್ವಲ್ಪ ಕುಗ್ಗಿದಂತೆ ಕಂಡು ಮತ್ತೆ ಬೆಳೆಯಿತು. ಕೆಲವರ ರಕ್ತದಲ್ಲಿ ಸೈನೈಡ್ ಪ್ರಮಾಣ ಪ್ರಾಣಾಪಾಯದ ಮಟ್ಟಕ್ಕೆ ಹತ್ತಿರ ಹೋಗಿತ್ತು.

ಇದಕ್ಕೆ ಮೊದಲೇ, 1979ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಶ್ನೆ ಬಂದಿತ್ತು. ಹೇಗೂ ಸಾಯಲಿರುವ ರೋಗಿಗೆ ಔಷಧದ ಸುರಕ್ಷತೆ, ಪರಿಣಾಮ ಎಂಬ ನಿಯಮಗಳು ಏಕೆ ಬೇಕು ಎಂಬುದು ಆ ಪ್ರಶ್ನೆ. ನ್ಯಾಯಮೂರ್ತಿ ಥರ್‌ಗುಡ್ ಮಾರ್ಷಲ್ ಬರೆದ ಒಮ್ಮತದ ತೀರ್ಪು, ಸಾವಿನಂಚಿನ ರೋಗಿಗೂ ಕಾನೂನಿನ ರಕ್ಷಣೆ ಬೇಕೆಂದಿತು. ಲಾಭವಿಲ್ಲದ ಅಪಾಯ ಅವನಿಗೂ ಅಪಾಯವೇ. ಟರ್ಪೆಂಟೈನ್ ಲೇಪ, ಬಣ್ಣದ ದೀಪ, ಗಿಣ್ಣಿನ ಮುಲಾಮು ಎಂದು ಕ್ಯಾನ್ಸರಿಗೆ ಹಿಂದೆ ಮಾರಿದ ಸರಕುಗಳ ಪಟ್ಟಿಯನ್ನೂ ಆ ತೀರ್ಪು ನೆನಪಿಸಿತು. ಯಾವ ರೋಗಿ ನಿಜಕ್ಕೂ ಉಳಿಯಲಾರ ಎಂಬುದನ್ನು ಮೊದಲೇ ಖಚಿತವಾಗಿ ಹೇಳುವುದು ಕಷ್ಟವೆಂದೂ ಎಚ್ಚರಿಸಿತು. ‘ಪ್ರಯತ್ನಪಟ್ಟರೆ ತಪ್ಪೇನು’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ದಾರಿ ಇಲ್ಲದವನಿಗಾಗಿ ತೆರೆದ ಬಾಗಿಲಿನಲ್ಲಿ ದಾರಿ ಇದ್ದವನೂ ನುಗ್ಗುತ್ತಾನೆ.

ಗಿಡಮೂಲಿಕೆಗೆ ವಿರೋಧವೇ?

ಇಷ್ಟು ಹೇಳಿದಾಗ ಸಭೆಗಳಲ್ಲಿ ಸಾಮಾನ್ಯವಾಗಿ ಒಂದು ಆಕ್ಷೇಪ ಬರುತ್ತದೆ. ಪಾಶ್ಚಾತ್ಯ ವೈದ್ಯಕ್ಕೆ ಗಿಡಮೂಲಿಕೆ ಎಂದರೆ ತಾತ್ಸಾರ, ಹಾಗಾಗಿ ಒಪ್ಪುವುದಿಲ್ಲ ಎಂದು. ನಮ್ಮ ಅಂಗಳಗಳಲ್ಲಿ, ಗುಡಿಯ ಪಕ್ಕದಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪದ ಕಥೆ ಇದಕ್ಕೆ ಉತ್ತರವಾದೀತು. ಕಾಶಿ ಕಣಗಿಲೆ ಎಂದೂ ಕರೆಯುವ ಈ ಗಿಡದ ಎಲೆಯನ್ನು ಜಮೈಕಾ ದ್ವೀಪದಲ್ಲಿ ಸಕ್ಕರೆ ಕಾಯಿಲೆಗೆ ಮನೆಮದ್ದಾಗಿ ಬಳಸುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ. ಆದರೆ ಪ್ರಾಣಿಗಳ ರಕ್ತದಲ್ಲಿ ಬಿಳಿಕಣಗಳು ಕಡಿಮೆಯಾದದ್ದು ಅವರ ಕಣ್ಣಿಗೆ ಬಿತ್ತು. ಬಿಳಿಕಣಗಳು ಮಿತಿಮೀರಿ ಬೆಳೆಯುವ ರೋಗವೇ ರಕ್ತದ ಕ್ಯಾನ್ಸರ್ ಅಲ್ಲವೇ? ಆ ಎಳೆ ಹಿಡಿದು ಹೊರಟ ಸಂಶೋಧನೆಯಿಂದ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಔಷಧವೂ ಬಂತು. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದು ಇದೆ. ಅಂದರೆ ವೈದ್ಯಲೋಕ ಗಿಡವನ್ನು ತಳ್ಳಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಗಿಡವನ್ನು ಇಟ್ಟುಕೊಂಡಿತು, ಸೋತ ಬೀಜವನ್ನು ಬಿಟ್ಟಿತು.

ಈ ಚಿಕಿತ್ಸೆಯ ಇನ್ನೊಂದು ಎಳೆ ಭಾರತಕ್ಕೆ ಸೇರಿದ್ದು. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ವಿರೋಧಿ ವಸ್ತುಗಳ ತಯಾರಿಕೆಗೆ ನೇತೃತ್ವ ವಹಿಸಿದ್ದರು. ಅವುಗಳಲ್ಲೊಂದನ್ನು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು. 1948ರಲ್ಲಿ ಪ್ರಕಟವಾದ ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ‘ತಾತ್ಕಾಲಿಕ’ ಎಂಬ ಪದವಿತ್ತು. ಗುಣವಾಯಿತೆಂದು ಅವರು ಡಂಗುರ ಸಾರಲಿಲ್ಲ. ಸ್ವಲ್ಪ ಕಾಲ ಮಾತ್ರ ತಗ್ಗಿತು ಎಂದರು. ಆ ಪ್ರಾಮಾಣಿಕ ‘ತಾತ್ಕಾಲಿಕ’ದ ಮೇಲೆ ಒಂದೊಂದೇ ಇಟ್ಟಿಗೆ ಇಟ್ಟು, ಒಂದೊಂದೇ ಔಷಧ ಸೇರಿಸಿ ಕಟ್ಟಿದ ಚಿಕಿತ್ಸೆಯಿಂದ ಇಂದು ಮುಂದುವರಿದ ದೇಶಗಳಲ್ಲಿ ಇಂಥ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಉಳಿಯುತ್ತಾರೆ. ಲೇಯಟ್ರಿಲ್ ಮಾರಿದವರು ಮೊದಲ ದಿನವೇ ಪೂರ್ತಿ ಗುಣದ ಮಾತಾಡಿದರು. ದಶಕಗಳ ಬಳಿಕವೂ ಅಲ್ಲಿಯೇ ಇದ್ದಾರೆ.

ವೈದ್ಯರು ತಪ್ಪೇ ಮಾಡಿಲ್ಲವೆಂದಲ್ಲ. ವಿಲಿಯಂ ಹಾಲ್‌ಸ್ಟೆಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಮುಕ್ಕಾಲು ಶತಮಾನ ನಡೆಯಿತು. ಅಸಂಖ್ಯ ಹೆಂಗಸರು ತೋಳೆತ್ತಲಾಗದೆ ಬಾಳಿದರು. ಇದನ್ನು ಪ್ರಶ್ನಿಸಿ 1970ರ ದಶಕದಲ್ಲಿ ಬರ್ನಾರ್ಡ್ ಫಿಶರ್ ನಡೆಸಿದ ಹೋಲಿಕೆಯ ಪರೀಕ್ಷೆಗಳು ಅಷ್ಟು ಕತ್ತರಿಸುವುದು ಬೇಕಿಲ್ಲವೆಂದು ತೋರಿಸಿದವು. ಆರಂಭದ ಹಂತದಲ್ಲಿ ಗಡ್ಡೆಯಷ್ಟನ್ನೇ ತೆಗೆದು ವಿಕಿರಣ ಕೊಟ್ಟರೂ ಬದುಕುಳಿಯುವವರ ಪ್ರಮಾಣ ಅಷ್ಟೇ ಇರುತ್ತದೆಂದು 1985ರಲ್ಲಿ ಪ್ರಕಟವಾಯಿತು. ಹಾಲ್‌ಸ್ಟೆಡ್ ಅವರ ಹೆಸರು ದೊಡ್ಡದೆಂದು ಯಾರೂ ಸುಮ್ಮನಾಗಲಿಲ್ಲ. ಲೇಯಟ್ರಿಲ್ ಅನ್ನು ಅಳೆದ ಬಗೆಯ ಪರೀಕ್ಷೆಯೇ ವೈದ್ಯರ ಹಳೆಯ ನಂಬಿಕೆಯನ್ನೂ ಅಳೆಯಿತು, ಸೋಲಿಸಿತು.

ನಮ್ಮ ಮನೆಯಂಗಳದಲ್ಲಿ

ಈ ಕಥೆ ಕಡಲಾಚೆಯದಾದರೂ ನಮಗೆ ಅಪರಿಚಿತವಲ್ಲ. ಲಕ್ಷ್ಮಣಫಲದ ಹಣ್ಣು, ಗೋಮೂತ್ರ, ಅರಿಶಿನ, ಗೋಧಿಹುಲ್ಲಿನ ರಸ ಹೀಗೆ ಪಟ್ಟಿ ದೊಡ್ಡದು. ಪ್ರಯೋಗಾಲಯದ ಬಟ್ಟಲಿನಲ್ಲಿ ಕ್ಯಾನ್ಸರ್ ಕೋಶವನ್ನು ಕೊಂದಿತು ಎಂಬುದನ್ನೇ ದೊಡ್ಡ ಪುರಾವೆಯಾಗಿ ಹೇಳುವುದುಂಟು. ಬಟ್ಟಲಿನಲ್ಲಿ ಉಪ್ಪುನೀರೂ ಸಾರಾಯಿಯೂ ಕೋಶಗಳನ್ನು ಕೊಲ್ಲುತ್ತವೆ. ಹೊಟ್ಟೆಗೆ ಹೋದದ್ದು ರಕ್ತ ಸೇರಿ, ಗಡ್ಡೆಯನ್ನು ಮುಟ್ಟಿ, ಉಳಿದ ದೇಹವನ್ನು ಕೆಡಿಸದೆ ಅದನ್ನು ಮಾತ್ರ ಕೊಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

2024ರ ನವೆಂಬರಿನಲ್ಲಿ ಪಂಜಾಬಿನಲ್ಲಿ ಕ್ರಿಕೆಟ್ ಮತ್ತು ರಾಜಕೀಯ ಎರಡರಲ್ಲೂ ಹೆಸರಾದ ಒಬ್ಬರು, ತಮ್ಮ ಪತ್ನಿಯ ನಾಲ್ಕನೆಯ ಹಂತದ ಕ್ಯಾನ್ಸರನ್ನು ಗೆಲ್ಲಲು ನಿಂಬೆ ನೀರು, ಹಸಿ ಅರಿಶಿನ, ಬೇವಿನ ಎಲೆ, ತುಳಸಿ, ಸಕ್ಕರೆ ಬಿಟ್ಟ ಆಹಾರ ನೆರವಾದವೆಂದು ಹೇಳಿದರು. ಮಾತು ಕಾಡ್ಗಿಚ್ಚಿನಂತೆ ಹರಡಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಮತ್ತು ಮಾಜಿ ವೈದ್ಯರು ಸೇರಿ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇದಕ್ಕೆ ಪುರಾವೆ ಇಲ್ಲ, ಚಿಕಿತ್ಸೆಯನ್ನು ತಡಮಾಡಬೇಡಿ ಎಂದು ಹೇಳಿಕೆ ಕೊಡಬೇಕಾಯಿತು. ಆ ಮಹಿಳೆಗೆ ಶಸ್ತ್ರಚಿಕಿತ್ಸೆಯೂ ಕಿಮೊಥೆರಪಿಯೂ ಆಗಿದ್ದವು. ಪಥ್ಯ ಚಿಕಿತ್ಸೆಗೆ ಪೂರಕವಷ್ಟೇ ಎಂದು ಅವರೂ ಆಮೇಲೆ ಸ್ಪಷ್ಟಪಡಿಸಿದರು. ಆದರೆ ಮೊದಲ ಮಾತು ಹರಡಿದ ವೇಗದಲ್ಲಿ ಎರಡನೆಯ ಮಾತು ಹರಡಲಿಲ್ಲ.

ಗುಣವಾದವರ ಕಥೆಗಳು ಹುಟ್ಟುವುದು ಬಹುಮಟ್ಟಿಗೆ ಹೀಗೆಯೇ. ಆಸ್ಪತ್ರೆಯ ಚಿಕಿತ್ಸೆಯೂ ಕಷಾಯವೂ ಜೊತೆಗೆ ನಡೆದಿರುತ್ತವೆ. ಕೀರ್ತಿ ಕಷಾಯಕ್ಕೆ ಹೋಗುತ್ತದೆ. ಕೆಲವೊಮ್ಮೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿರುವುದೇ ಇಲ್ಲ. ಇಲ್ಲದ ಕ್ಯಾನ್ಸರ್ ಗುಣವಾಗಿರುತ್ತದೆ. ಕೆಲವು ಕ್ಯಾನ್ಸರ್‌ಗಳು ತಾವಾಗಿಯೇ ನಿಧಾನ, ವರ್ಷಗಟ್ಟಲೆ ಸುಮ್ಮನಿರುತ್ತವೆ. ಅಪರೂಪಕ್ಕೊಮ್ಮೆ ಗಡ್ಡೆ ತಾನಾಗಿ ಕರಗುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಬದುಕಿದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ, ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಮೆಕ್ವೀನ್ ಅವರ ಧ್ವನಿ ದೂರದರ್ಶನದಲ್ಲಿ ಕೇಳಿಬಂದದ್ದು ಅವರು ಬದುಕಿದ್ದಾಗ.

ನಮ್ಮ ಸಂಸತ್ತು ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿತ್ತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಕೆಲವು ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸಿತು. ಆ ರೋಗಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ. ಆದರೆ ಕಾಯ್ದೆ ಜಾಹೀರಾತನ್ನು ತಡೆಯಬಲ್ಲದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕಿವಿಯಲ್ಲಿ ಹೇಳುವ ಮಾತನ್ನು ತಡೆಯಲಾರದು. ಮದ್ದು ಕೊಡುವವರೆಲ್ಲ ವಂಚಕರೂ ಅಲ್ಲ. ಬಂದವರಿಂದ ಕಾಸು ಮುಟ್ಟದೆ ನಂಬಿಕೆಯಿಂದ ತೊಗಟೆಯೋ ಬೇರೋ ಕೊಡುವ ನಾಟಿ ವೈದ್ಯರು ಮಲೆನಾಡಿನಲ್ಲಿಯೂ ಇದ್ದಾರೆ. ಕೊಡುವವರ ಮನಸ್ಸು ಒಳ್ಳೆಯದೆಂದ ಮಾತ್ರಕ್ಕೆ ಮದ್ದು ಕೆಲಸ ಮಾಡುತ್ತದೆಂದೇನೂ ಇಲ್ಲ.

ಕಳೆದ ದಿನಗಳ ಬೆಲೆ

ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯವನ್ನೇ ನಂಬಿದರೆ ಏನಾಗುತ್ತದೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಸ್ತನ, ಶ್ವಾಸಕೋಶ, ದೊಡ್ಡ ಕರುಳು, ಪ್ರಾಸ್ಟೇಟ್ ಕ್ಯಾನ್ಸರ್ ಇದ್ದು, ರೋಗ ದೂರಕ್ಕೆ ಹರಡಿಲ್ಲದ, ಪರ್ಯಾಯವನ್ನಷ್ಟೇ ಆರಿಸಿಕೊಂಡ 281 ರೋಗಿಗಳನ್ನು ಆಸ್ಪತ್ರೆಯ ಚಿಕಿತ್ಸೆ ಪಡೆದ 560 ರೋಗಿಗಳ ಜೊತೆ ಹೋಲಿಸಿದರು. ಪರ್ಯಾಯದವರಲ್ಲಿ ಸಾವಿನ ಅಪಾಯ ಒಟ್ಟಾರೆ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಿ ಅದು ಐದೂವರೆ ಪಟ್ಟಿಗೂ ಹೆಚ್ಚು. ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಅದೇ ತಂಡ ಎರಡನ್ನೂ ಜೊತೆಗೆ ಮಾಡಿದವರನ್ನು ನೋಡಿತು. ಪೂರಕ ಪದ್ಧತಿ ಹಿಡಿದವರು ಆಸ್ಪತ್ರೆಯ ಚಿಕಿತ್ಸೆಯ ಯಾವುದಾದರೊಂದು ಭಾಗವನ್ನು ಬೇಡವೆನ್ನುವುದು ಹೆಚ್ಚು. ಅವರಲ್ಲಿ ಸಾವಿನ ಅಪಾಯವೂ ಸುಮಾರು ಎರಡು ಪಟ್ಟು. ಅದಕ್ಕೆ ಮುಖ್ಯ ಕಾರಣ ಆ ‘ಬೇಡ’ವೇ.

ಆದ್ದರಿಂದ ಪೂರಕ ಮತ್ತು ಪರ್ಯಾಯ ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಚಿಕಿತ್ಸೆಯ ಜೊತೆಗೆ ಯೋಗ, ಪ್ರಾರ್ಥನೆ, ಇಷ್ಟದ ಊಟ, ಸಂಗೀತ ಇವು ಮನಸ್ಸಿಗೆ ಬಲ ಕೊಡಬಹುದು. ಕಷಾಯ ಕುಡಿಯುವುದಾದರೆ ವೈದ್ಯರಿಗೆ ತಿಳಿಸಿ ಕುಡಿಯಬೇಕು. ಕೆಲವು ಮೂಲಿಕೆಗಳು ಔಷಧದ ಕೆಲಸ ಕೆಡಿಸುತ್ತವೆ. ಚಿಕಿತ್ಸೆಯ ಬದಲಿಗೆ ಇವನ್ನು ಕೂರಿಸಿದಾಗ ಮಾತ್ರ ಅವು ಕೊಲ್ಲುತ್ತವೆ. ಕಷಾಯ ವಿಷವಾಗದಿದ್ದರೂ ಕಳೆದ ದಿನಗಳು ವಿಷವಾಗುತ್ತವೆ. ಎರಡು ಸೆಂಟಿಮೀಟರಿನ ಗಡ್ಡೆ ಆರು ತಿಂಗಳ ಪಥ್ಯದ ನಂತರ ಅಷ್ಟೇ ಇರುವುದಿಲ್ಲ.

ಜನ ಆಸ್ಪತ್ರೆಯಿಂದ ದೂರ ಓಡುವುದಕ್ಕೆ ಆಸ್ಪತ್ರೆಗಳೂ ಕಾರಣ ಎಂಬುದನ್ನು ಒಪ್ಪಬೇಕು. ಗಂಟೆಗಟ್ಟಲೆ ಕಾದ ರೋಗಿಗೆ ಎರಡು ನಿಮಿಷವೂ ಸಿಗದೆ, ಅರ್ಥವಾಗದ ಇಂಗ್ಲಿಷಿನ ಚೀಟಿ ಹಿಡಿದು ಹೊರಬರುವಾಗ, ಪಕ್ಕಕ್ಕೆ ಕೂರಿಸಿ ಕೈಹಿಡಿದು ‘ಏನೂ ಆಗಲ್ಲ ತಾಯಿ’ ಎನ್ನುವವರೇ ವೈದ್ಯರಾಗಿ ಕಾಣುತ್ತಾರೆ. ಖರ್ಚಿನ ಹೆದರಿಕೆಯೂ ಸಣ್ಣದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ಬಡವರ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ. ಇಷ್ಟಾದರೂ ರೋಗ ಬಲಿತ ಮೇಲೆ ಬರುವವರೇ ಹೆಚ್ಚೆಂಬುದು ನಮ್ಮ ತಜ್ಞರ ಹಳೆಯ ಅಳಲು.

ನಾಳೆ ನಿಮ್ಮ ಮನೆಯಲ್ಲಿ ಅತ್ತಿಗೆಯೋ ಚಿಕ್ಕಪ್ಪನೋ ‘ಆಪರೇಷನ್ ಬೇಡ, ಆ ಊರಿನ ಮದ್ದು ತರೋಣ’ ಎಂದರೆ ಗದರಬೇಡಿ, ನಗಬೇಡಿ. ಹೆದರಿಕೆ ಯಾವುದರದ್ದು ಎಂದು ಕೇಳಿ. ಕೂದಲು ಉದುರುವುದೋ, ಹಣವೋ, ಹಿಂದೆ ಆಸ್ಪತ್ರೆಯಲ್ಲಿ ತೀರಿಕೊಂಡ ಯಾರದೋ ನೆನಪೋ? ಜೊತೆಯಲ್ಲಿ ಹೋಗಿ ವೈದ್ಯರನ್ನು ಕನ್ನಡದಲ್ಲಿಯೇ ಬಿಡಿಸಿ ಹೇಳುವಂತೆ ಕೇಳಿ. ಬೇಕಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಮದ್ದು ಹೇಳಿದವರನ್ನೂ ನಾಲ್ಕು ಪ್ರಶ್ನೆ ಕೇಳಿ. ಗುಣವಾದವರಿಗೆ ಕ್ಯಾನ್ಸರ್ ಇತ್ತೆಂಬ ಬಯಾಪ್ಸಿ ವರದಿ ಇದೆಯೇ? ಅವರು ಬೇರೆ ಚಿಕಿತ್ಸೆ ಪಡೆದಿರಲಿಲ್ಲವೇ? ಎಷ್ಟು ಜನಕ್ಕೆ ಕೊಟ್ಟಿರಿ, ಅವರಲ್ಲಿ ಐದು ವರ್ಷದ ನಂತರ ಎಷ್ಟು ಜನ ಇದ್ದಾರೆ? ಸೋತದ್ದು ಎಷ್ಟು ಬಾರಿ? ಕೊನೆಯ ಪ್ರಶ್ನೆಗೆ ‘ಒಮ್ಮೆಯೂ ಇಲ್ಲ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಒಳ್ಳೆಯ ವೈದ್ಯರು ತಮ್ಮ ಸೋಲಿನ ಲೆಕ್ಕವನ್ನೂ ಇಟ್ಟಿರುತ್ತಾರೆ.

ಮ್ಯಾಸಚೂಸೆಟ್ಸಿನ ಆ ಮಗು ಬದುಕಿದ್ದರೆ ಇಂದು ಐವತ್ತರ ಆಸುಪಾಸಿನಲ್ಲಿ ಇರುತ್ತಿತ್ತು. ಉಳಿದೇ ಉಳಿಯುತ್ತಿತ್ತೆಂದು ಯಾವ ವೈದ್ಯನೂ ಬರೆದುಕೊಡಲಾರ. ಎರಡು ಬಾರಿ ಮದ್ದಿಗೆ ಮಣಿದ ರೋಗ ಅದು. ಆ ಮಗುವಿಗೆ ಒಂದು ಅವಕಾಶವಿತ್ತು, ಅದು ಕೈತಪ್ಪಿತು ಎಂದಷ್ಟೇ ಹೇಳಬಹುದು. ನಮ್ಮ ಮನೆಗಳಲ್ಲಿ ಹಾಗಾಗದಿರಲಿ.